ಬೀಗತಿಯ ಬೀದಿ

ಫೆಬ್ರುವರಿ 13, 2022. ರವಿವಾರ

ಪೂಜೆ ಮುಗಿಯಿತು. ಚಹಾ ಆಯಿತು. ಬೀಗತಿಯ ಕರೆಗೆ ಕಾದು ಕೂತೆ. ಹತ್ತಕ್ಕೆ ಬಂತು. ರವಿವಾರ ತಪ್ಪಿಸಿದವಳಲ್ಲ. ನಾನು ಗದಗದಲ್ಲಿದ್ದಾಗಲೂ ಅಷ್ಟೆ, ಡಿಸೆಂಬರಿನಲ್ಲಿ ಇಲ್ಲಿ ದ ಹೇಗ್‌ಗೆ ಮಗನ ಮನೆಗೆ ಬಂದ ಮೇಲೂ ಅಷ್ಟೆ.

ಲ್ಯುದ್ಮಿಲಾ. ಸೊಸೆ ದರೀನಾಳ ತಾಯಿ. ಖಾರ್ಕಿವ್ ಊರಿನ ಅಂಚಿನಲ್ಲಿ, ಚೆರಿ ಮರಗಳ ಒಂದು ಬೀದಿಯಲ್ಲಿ ವಾಸ. ಆಕೆ ಶಾಲೆಯಲ್ಲಿ ಗಣಿತ ಕಲಿಸಿದವಳು, ನಾನು ಕಾಲೇಜಿನಲ್ಲಿ ಇತಿಹಾಸ. ಇಬ್ಬರಿಗೂ ಪಿಂಚಣಿ ಬರುತ್ತದೆ, ಇಬ್ಬರಿಗೂ ತಾವು ಹೇಳಿದ್ದೇ ಸರಿ.

ಇವತ್ತಿನ ವಾದ ಉಪ್ಪಿನಕಾಯಿಯದು. ಉಪ್ಪುನೀರಲ್ಲಿ ಮುಳುಗಿಸಿದ ಸೌತೆಕಾಯಿಯ ಭರಣಿ ತೋರಿಸಿದಳು. ದರೀನಾ ನಡುವೆ ಕೂತು ಅನುವಾದ, ಗಂಡನಿಂದ ಕಲಿತ ಕನ್ನಡದಲ್ಲಿ. "ಅತ್ತಿ, ಅಮ್ಮ ಹೇಳತಾಳ, ನಿಮ್ಮ ಉಪ್ಪಿನಕಾಯಿ ಎಣ್ಣಿ ನಮ್ಮ ಗೇಟಿಗೆ ಹಚ್ಚಿದ್ರ ತುಕ್ಕು ಹಿಡಿಯೂದಿಲ್ಲಂತ."

"ನಿಮ್ಮದು ಉಪ್ಪಿನಕಾಯಿ ಅಲ್ಲ, ಸೌತಿಕಾಯಿಗೆ ಜಳಕ ಅಂತ ಹೇಳು."

ಹೇಳಿದಳು. ಆ ಕಡೆ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಗು.

ಈ ದೇಶದವರಿಗೆ 'ಬೀಗರು' ಎಂಬ ಪದವೇ ಇಲ್ಲ. ಕೆಳಮನೆಯ ಮುದುಕಿ ಹೂಕ್‌ಸ್ಟ್ರಾಗೆ ವಿವರಿಸಿ ಸೋತೆ. ಮಗನ ಹೆಂಡತಿಯ ತಾಯಿ ಎಂದು ಉದ್ದಕ್ಕೆ ಹೇಳಬೇಕು. ಇಂಗ್ಲಿಷಿನಲ್ಲೂ ಇಲ್ಲ. ಲ್ಯುದ್ಮಿಲಾಳ ಭಾಷೆಯಲ್ಲಿ ಇದೆ — ಸ್ವಾಖಾ. ಪದ ಇದ್ದಲ್ಲಿ ಜಗಳಾಡುವ ಹಕ್ಕೂ ಇರುತ್ತದೆ. ನಾವಿಬ್ಬರೂ ಎಂಟು ವರ್ಷದಿಂದ ಆ ಹಕ್ಕು ಚಲಾಯಿಸುತ್ತಿದ್ದೇವೆ.

ಮುಗಿಸುವಾಗ ಎಂದಿನಂತೆ, "ಬರ್ತೀನ್ರಿ." ನಾನು, "ಹೂಂ, ಬರ್ರಿ." ಗದಗದ ಮದುವೆಯಲ್ಲಿ ಕಲಿತದ್ದು. ಹೊರಡುವ ದಿನ ಯಾರೋ ಹೇಳಿಕೊಟ್ಟ ಕನ್ನಡದಲ್ಲಿ ಹೊಸ್ತಿಲ ಮೇಲೆ ನಿಂತು "ಹೋಗ್ತೀನಿ" ಅಂದುಬಿಟ್ಟಿದ್ದಳು. ಮನೆ ತುಂಬ ಹೆಂಗಸರು ಹೌಹಾರಿ, ಮತ್ತೆ ಒಳಗೆ ಕರೆದು, ಕುಂಕುಮ ಹಚ್ಚಿ, 'ಬರ್ತೀನಿ' ಅಂತ ಬಾಯಿಪಾಠ ಮಾಡಿಸಿ ಕಳಿಸಿದ್ದರು. 'ರಿ' ಹಚ್ಚುವುದನ್ನು ಮಾತ್ರ ತಾನೇ ಕಲಿತಳು. ಈಗ ತನ್ನ ಮಾತಿಗೂ ಹಚ್ಚುತ್ತಾಳೆ. ಥ್ಯಾಂಕ್ಸ್ ಅನ್ನಲು ಸ್ಪಾಸಿಬೊರಿ.

ಫೆಬ್ರುವರಿ 18, ಶುಕ್ರವಾರ

ಬಿರುಗಾಳಿ. ಕೋಡ್ ರೆಡ್ ಅಂತೆ. ಟ್ರಾಮ್ ಬಂದ್, ಟ್ರೇನ್ ಬಂದ್. ಎದುರುಮನೆಯ ಹಂಚು ಹಾರಿ ಸೈಕಲ್ಲುಗಳ ಮೇಲೆ ಬಿತ್ತು. ಈಶಾನ್ ಮನೆಯಿಂದಲೇ ಕೆಲಸ — ಕೋವಿಡ್ ಬಂದಾಗಿನಿಂದ ಮನೆ ಬಿಟ್ಟವನೇ ಅಲ್ಲ, ಆದರೂ ಇವತ್ತು ಗಾಳಿಯ ನೆಪ.

ದರೀನಾ ಗಾಳಿ ನೋಡುತ್ತಿಲ್ಲ. ಫೋನು ನೋಡುತ್ತಿದ್ದಾಳೆ.

ಫೆಬ್ರುವರಿ 20, ರವಿವಾರ

ಉಪ್ಪಿನಕಾಯಿ ಇಲ್ಲ ಇವತ್ತು. ದರೀನಾ ತಾಯಿಗೆ ಅಂಗಲಾಚುತ್ತಿದ್ದಳು, ಬಂದುಬಿಡು ಎಂದು. ಗಡಿಯಲ್ಲಿ ಸೈನ್ಯ ನಿಂತಿದೆ. ಆಕೆ ಕಿಟಕಿಯ ಕಟ್ಟೆ ತೋರಿಸಿದಳು. ಮೊಸರಿನ ಡಬ್ಬಿಗಳಲ್ಲಿ ಟೊಮೆಟೊ ಸಸಿ. ಎರಡೆರಡು ಎಲೆ. ಇವನ್ನು ಯಾರಿಗೆ ಬಿಟ್ಟು ಬರಲಿ?

ನಾನೂ ಅಂದೆ, "ಬರ್ರಿ. ಇಲ್ಲಿ ಬರ್ರಿ. ಕಮ್." ಕೈಯಾಡಿಸಿ ತೋರಿಸಿದೆ. "ಬರ್ರಿ, ಬರ್ರಿ."

ದರೀನಾ ಅನುವಾದಿಸಿದಳು, "ಅಲ್ಲಿ ಬಂದು ಸ್ವಾಖಾ ಕೈಯಾನ ಖಾರ ಉಂಡು ಸಾಯೂದಕ್ಕಿಂತ ಇಲ್ಲೇ ಇರ್ತೀನಿ ಅಂತಾಳ."

ಟಿವಿಯಲ್ಲಿ ತಜ್ಞರು. ಭೂಪಟ, ಕೆಂಪು ಬಾಣ. ಇಂಥ ಬಾಣಗಳನ್ನು ನಾನೂ ಕಪ್ಪುಹಲಗೆಯ ಮೇಲೆ ಬೇಕಾದಷ್ಟು ಎಳೆದಿದ್ದೇನೆ. ಬಾಣದ ಮೊನೆ ಎಲ್ಲಿ ಊರುತ್ತದೋ ಅಲ್ಲಿ ಯಾರದೋ ಅಡುಗೆಮನೆ ಇರುತ್ತದೆ. ಈ ಟೈ ಕಟ್ಟಿದ ಗಂಡಸರಲ್ಲಿ ಒಬ್ಬನೂ ಅದನ್ನು ಹೇಳುವುದಿಲ್ಲ.

ಫೆಬ್ರುವರಿ 24, ಗುರುವಾರ

ಶುರುವಾಯಿತು.

ಬೆಳಿಗ್ಗೆ ಎದ್ದು ಬಂದರೆ ದರೀನಾ ಮೆಟ್ಟಿಲ ಮೇಲೆ ಕೂತಿದ್ದಳು, ಒಂದು ಕಾಲಿಗೆ ಮಾತ್ರ ಕಾಲುಚೀಲ. ಪಕ್ಕ ಕೂತೆ. ಬೆನ್ನು ಸವರಿದೆ.

'ವಿಶೇಷ ಕಾರ್ಯಾಚರಣೆ' ಎಂದು ಹೆಸರಂತೆ. ಪ್ರಾಗ್‌ಗೆ ಟ್ಯಾಂಕು ನುಗ್ಗಿದಾಗ 'ಸೋದರ ನೆರವು' ಅಂದಿದ್ದರು. ಬಾಗ್ದಾದಿನ ಮೇಲೆ ಬಾಂಬು ಬಿದ್ದಾಗ 'ಬಿಡುಗಡೆ' ಅಂದರು. ಮೊದಲು ಹೆಸರಿಡುತ್ತಾರೆ, ಆಮೇಲೆ ಕೊಲ್ಲುತ್ತಾರೆ. ನನಗೆ ಅರವತ್ತೆಂಟು. ಈ ನಾಮಕರಣಗಳು ಒಂದೂ ಮರೆತಿಲ್ಲ.

ಲ್ಯುದ್ಮಿಲಾ ಸಿಕ್ಕಳು. ನೆಲಮಾಳಿಗೆಯಲ್ಲಿದ್ದಾಳೆ. ಆಲೂಗಡ್ಡೆಗಳ ಜೊತೆ. ಆರಾಮ.

ಫೆಬ್ರುವರಿ 26, ಶನಿವಾರ

ಗಂಟಲು ಕೆರೆತ. ಸೆಲ್ಫ್ ಟೆಸ್ಟ್ ಮಾಡಿದರೆ ಎರಡು ಗೆರೆ. ಇಡೀ ದೇಶ ನಿನ್ನೆಯಷ್ಟೇ ನಿರ್ಬಂಧ ಸಡಿಲಿಸಿ ಹೋಟೆಲುಗಳಲ್ಲಿ ಕುಣಿಯುತ್ತಿದೆ, ನನಗೆ ಇವತ್ತು ಬರಬೇಕೆ? ಅಟ್ಟದ ಕೋಣೆಗೆ ಹಾಕಿದರು. ಐದು ದಿನ ಕನಿಷ್ಠ.

ಸ್ಮೃತಿ ಬಾಗಿಲಾಚೆ ಮೆಟ್ಟಿಲ ಮೇಲೆ ಠಾಣೆ ಹಾಕಿದ್ದಾಳೆ. ಆರು ವರ್ಷದ ಮೊಮ್ಮಗಳು. ಡಿಸೆಂಬರಿನಲ್ಲಿ ನಾನೇನು ಕೇಳಿದರೂ ಡಚ್ಚಿನಲ್ಲಿ ಉತ್ತರ. ಈಗ ಕನ್ನಡ ಬರುತ್ತದೆ, ನನ್ನದೇ ಕನ್ನಡ.

"ಆಯಿ, ನಿನಗ ಕರೋನಾ ಎಲ್ಲಿ ಕೂತೈತಿ?"

"ಮೂಗಿನಾಗ."

"ಸೀನಿಬಿಡ ಮತ್ತ."

ಫೆಬ್ರುವರಿ 27, ರವಿವಾರ

ಹತ್ತಕ್ಕೇ ಕರೆ. ಯುದ್ಧ ಬಂದರೂ ರವಿವಾರ ರವಿವಾರವೇ. ನೆಲಮಾಳಿಗೆಯಲ್ಲಿ ಟಾರ್ಚು ತಿರುಗಿಸಿ ಎಲ್ಲ ತೋರಿಸಿದಳು. ಆಲೂಗಡ್ಡೆ, ಭರಣಿ, ಹಳೆಯ ಸ್ಲೆಡ್ಜು. ಟೊಮೆಟೊ ಸಸಿಗಳನ್ನೂ ಕೆಳಗೆ ತಂದುಕೊಂಡಿದ್ದಾಳೆ. ದರೀನಾ ಮತ್ತೆ ಬೇಡಿಕೊಂಡಳು. ನಾನು ಅಟ್ಟದಿಂದ, ಇನ್ನೊಂದು ಫೋನಿನಲ್ಲಿ, "ಬರ್ರಿ" ಅಂದೆ. ನಾಳೆ, ನಾಡಿದ್ದು, ನೋಡೋಣ ಎಂದಳು ಆಕೆ.

ನಮ್ಮ ನಿವೃತ್ತ ಅಧ್ಯಾಪಕರ ವಾಟ್ಸಾಪ್ ಗುಂಪಿನಲ್ಲಿ ದಿವಾಕರ — ಮೂವತ್ತು ವರ್ಷ ರಾಜ್ಯಶಾಸ್ತ್ರ ಹೇಳಿದ ಮನುಷ್ಯ — ಬರೆದಿದ್ದಾರೆ: "ದೊಡ್ಡ ಲೆಕ್ಕದಲ್ಲಿ ನೋಡಬೇಕು ಮೇಡಂ. ಇದು ಅನಿವಾರ್ಯವಿತ್ತು." ಕೆಳಗೆ ಹೆಬ್ಬೆರಳುಗಳ ಸಾಲು. ನಾನು ಬರೆದೆ: "ನನ್ನ ಬೀಗತಿ ಆಲೂಗಡ್ಡೆ ಚೀಲದ ಮೇಲೆ ಕೂತಿದ್ದಾರೆ ಸರ್. ಅವರು ನಿಮ್ಮ ಲೆಕ್ಕದಲ್ಲಿ ಯಾವ ಕಾಲಮ್ಮು?" ಗುಂಪು ಬಿಟ್ಟೆ.

ಮಾರ್ಚ್ 1, ಮಂಗಳವಾರ. ಶಿವರಾತ್ರಿ

ಕೋಣೆಯಲ್ಲೇ ಲಿಂಗಪೂಜೆ. ಪತ್ರೆ ಇಲ್ಲ. ದರೀನಾ ಬಾಗಿಲಲ್ಲಿ ದ್ರಾಕ್ಷಿ, ಖರ್ಜೂರ ಇಟ್ಟು ಹೋದಳು. ಉಪವಾಸಕ್ಕೆ ಏನೇನು ನಡೆಯುತ್ತದೆ ಎಂದು ಗಂಡನನ್ನು ಕೇಳಿ ತಂದಿದ್ದಾಳೆ. ತಾಯಿ ನೆಲಮಾಳಿಗೆಯಲ್ಲಿರುವಾಗ ಈ ಹುಡುಗಿಗೆ ನನ್ನ ಉಪವಾಸದ ಚಿಂತೆ. ಬಾಗಿಲು ಮುಚ್ಚಿಕೊಂಡು ಸ್ವಲ್ಪ ಅತ್ತೆ.

ಮಧ್ಯಾಹ್ನ ನನ್ನ ಫೋನಿಗೆ ಲ್ಯುದ್ಮಿಲಾಳ ಕರೆ. ದರೀನಾಳ ಲೈನು ಸಿಗಲಿಲ್ಲವೇನೋ — ಇವಳು ತಾಯಿಗೆ ಹಚ್ಚುತ್ತ, ತಾಯಿ ಇವಳಿಗೆ ಹಚ್ಚುತ್ತ. ಚಿತ್ರ ಇಲ್ಲ, ದನಿ ಮಾತ್ರ. ಹಿಂದೆ ಭಾರಿ ಗದ್ದಲ. "ಸ್ವಾಖಾ... ಐ ಗುಡ್. ದರೀನಾ, ಯೂ ಟೆಲ್. ಗುಡ್." ಆಮೇಲೆ ತನ್ನ ಭಾಷೆಯಲ್ಲಿ ಏನೋ. ಆಮೇಲೆ, "ಬರ್ತೀನ್ರಿ."

"ಹೂಂ, ಬರ್ರಿ, ಬರ್ರಿ" ಅಂದೆ. ಕಟ್ಟಾಯಿತು.

ಕೂಗಿ ಹೇಳಿದೆ, ಅಮ್ಮ ಆರಾಮ ಇದ್ದಾರೆ ಎಂದು. ದರೀನಾ ಬಾಗಿಲಾಚೆ ಅತ್ತಳು. ನಗುತ್ತಲೂ ಇದ್ದಳು.

ಮಾರ್ಚ್ 2, ಬುಧವಾರ

ನಿನ್ನೆ ಸಂಜೆ ಆ ಬೀದಿಗೆ ಕ್ಷಿಪಣಿ ಬಿದ್ದಿದೆ.

ಯಾರೋ ತೆಗೆದ ವಿಡಿಯೋ. ದರೀನಾ ಬಾಗಿಲು ತೆರೆದೇ ನಿಂತು ತೋರಿಸಿದಳು. ಮಾಸ್ಕಿಲ್ಲ, ಎಚ್ಚರಿಲ್ಲ. ನನಗೂ ಬೈಯಲು ಬಾಯಿ ಬರಲಿಲ್ಲ. ಸುಟ್ಟ ಚೆರಿ ಮರ. ನಡುಬೀದಿಯಲ್ಲಿ ಒಂದು ಮಂಚ. ನೀರಿನ ಪಂಪು ನೋಡಿ ಗುರುತು ಹಿಡಿದಳು. "ಇದು ನಮ್ಮ ಪಂಪು. ಇದು ಹಸಿರು ಗೇಟು, ಇದರ ಆಚಿ ಮೂರನೇದ್ದು ನಮ್ಮ ಮನಿ." ಕ್ಯಾಮರಾ ಅಷ್ಟು ದೂರ ಹೋಗುವುದಿಲ್ಲ. ತಿರುಗಿಬಿಡುತ್ತದೆ. ಮತ್ತೆ ಮತ್ತೆ ಹಾಕಿದಳು, ಈ ಸಲವಾದರೂ ಮುಂದೆ ಹೋದೀತು ಎನ್ನುವಂತೆ.

ಲ್ಯುದ್ಮಿಲಾಳ ಫೋನು ಆಫ್.

ಮಾರ್ಚ್ 3, ಗುರುವಾರ

ಇಡೀ ದಿನ ಒಂದೇ ಪದ.

ಬೆಳಿಗ್ಗೆ ದರೀನಾ ಬಾಗಿಲಾಚೆ ಕೂತು ಕೇಳಿದಳು, "ಅತ್ತಿ, ಅಮ್ಮ ಕಡೀಕ ಏನಂದಳು? ಎಲ್ಲಾ ಹೇಳ್ರಿ. ಒಂದೊಂದು ಶಬ್ದ."

ಹೇಳಿದೆ. ಗುಡ್. ಟೆಲ್. ಬರ್ತೀನ್ರಿ.

ದರೀನಾ ಕಡೆಯ ಪದವನ್ನು ತಾನೂ ಒಮ್ಮೆ ಹೇಳಿ ನೋಡಿದಳು. ಆಮೇಲೆ, "ಬರ್ತೀನಿ ಅಂದ್ರ ಐ ವಿಲ್ ಕಮ್."

ಈಶಾನ್ ಅಲ್ಲೇ ಇದ್ದ. ಮೆಲ್ಲಗೆ ಅಂದ, "ಬರ್ತೀನಿ ಅಂದ್ರ ಬೈ, ದರೀನಾ. ಅಮ್ಮ ಪ್ರತಿ ಸಲ ಅನ್ನೂದು ಅದs ಅಲ್ಲಾ."

ಅವನು ಹೇಳಿದ್ದು ಸರಿ. ನಿಜಕ್ಕೂ ಹೊರಟು ಬರುತ್ತಿರುವವರು ನಮ್ಮಲ್ಲಿ 'ಬರಾಕತ್ತೀನಿ' ಅನ್ನುತ್ತಾರೆ. ಫೋನಿಡುವಾಗ 'ಬರ್ತೀನಿ'. ಕೂಸಿಗೂ ಗೊತ್ತಿರುವ ವ್ಯತ್ಯಾಸ. ನಾನೂ ಅವತ್ತು ಅದನ್ನು ಬೈ ಎಂದೇ ಕೇಳಿದ್ದು, ಹಾಗೆಂದೇ ಉತ್ತರ ಕೊಟ್ಟದ್ದು. ಬೈ ಆಗಿದ್ದರೆ ಆಕೆ ಮನೆಯಲ್ಲೇ ಇದ್ದಳು. ಸಂಜೆಯೂ ಅಲ್ಲೇ ಇದ್ದಳು.

ಆದರೆ ಆಕೆಗೆ 'ಬರಾಕತ್ತೀನಿ' ಗೊತ್ತಿಲ್ಲವಲ್ಲ. ಹೊರಟಿದ್ದೇನೆ ಎಂದು ನನಗೆ ಕನ್ನಡದಲ್ಲಿ ಹೇಳಬೇಕಿದ್ದರೂ ಆ ಬಾಯಲ್ಲಿ ಬರುವುದು ಅದೊಂದೇ ಪದ.

ಇಷ್ಟನ್ನೂ ಬಾಗಿಲಿನ ಮೂಲಕ ಹೇಳಿದೆ. ಒಂದು ಕಡೆಗೆ ವಾಲದೆ ಹೇಳಿದೆ. ಸುಳ್ಳು ಭರವಸೆ ಕೊಡುವುದು ಸುಲಭವಿತ್ತು, ನಾಲಿಗೆಯ ತುದಿಗೂ ಬಂದಿತ್ತು.

"ಹಿಂದ ಸಪ್ಪಳ ಹ್ಯಾಂಗಿತ್ತು ಅವ್ವ?" ಈಶಾನ್ ಕೇಳಿದ. "ನೆಲಮಾಳಿಗಿ ಸಪ್ಪಳೋ, ಹೊರಗಿಂದೋ?"

"ಬಾಳ ಮಂದಿ. ದೊಡ್ಡ ಹಾಲಿನಾಗ ಗುಂಯ್‌ಗುಡತಾರಲ್ಲ, ಹಂಗ."

"ಸ್ಟೇಷನ್" ಅಂದಳು ದರೀನಾ.

"ಮೆಟ್ರೋ ಸುರಂಗದಾಗೂ ಮಂದಿ ಕೂತಾರ" ಅಂದ ಈಶಾನ್. "ಹಾಲ್ ಅಂದ್ರ ಸ್ಟೇಷನ್ನೇ ಆಗಬೇಕಂತಿಲ್ಲ."

"ಈಶಾನ್." ದರೀನಾ ಕೂಗಲಿಲ್ಲ, ತಣ್ಣಗೇ ಅಂದಳು, "ನಮ್ಮ ಅಮ್ಮಗ ನಿಮ್ಮ ಗ್ರಾಮರ್ ಗೊತ್ತಿಲ್ಲ. ಆಕಿ ಬರಾಕತ್ತಾಳ. ನಾ ಹೋಗ್ತೀನಿ."

'ಹೋಗ್ತೀನಿ' ಅಂದಳು. ಯಾರೂ ತಿದ್ದಲಿಲ್ಲ.

ಸಂಜೆ. ಮೆಟ್ಟಿಲ ಬುಡದಲ್ಲಿ ನಿಂತು ಹೂಕ್‌ಸ್ಟ್ರಾ ನನ್ನನ್ನು ಕೂಗಿ ವಿಚಾರಿಸಿದಳು. ಇಂದು ಅವಳು ಸ್ಮಾರಕಕ್ಕೆ ಹೂವಿಟ್ಟು ಬಂದಿದ್ದಾಳೆ. ಈ ಬೇಝೌಡನ್‌ಹೌಟ್ ಪ್ರದೇಶಕ್ಕೆ ನಲವತ್ತೈದರ ಇದೇ ಮಾರ್ಚ್ ಮೂರರ ಬೆಳಿಗ್ಗೆ ಬಾಂಬು ಬಿದ್ದಿತ್ತು. ಹಾಕಿದವರು ಶತ್ರುಗಳಲ್ಲ, ಬಿಡಿಸಲು ಬರುತ್ತಿದ್ದ ಇಂಗ್ಲಿಷರೇ. ಗುರಿ ಇಟ್ಟದ್ದು ಕಾಡಿನಲ್ಲಿದ್ದ ಜರ್ಮನ್ ರಾಕೆಟ್ಟುಗಳಿಗೆ, ಬಿದ್ದದ್ದು ಮನೆಗಳಿಗೆ. ಐನೂರಕ್ಕೂ ಹೆಚ್ಚು ಜನ. ಹೂಕ್‌ಸ್ಟ್ರಾಗೆ ಆಗ ಆರು, ನಮ್ಮ ಸ್ಮೃತಿಯ ವಯಸ್ಸು. ನಮ್ಮ ಬೀದಿಯ ಎಡಗಡೆ ನೂರು ವರ್ಷದ ಮನೆಗಳು, ಬಲಗಡೆ ಎಲ್ಲ ಆಮೇಲಿನವು. ಬಂದ ಮೊದಲ ವಾರ ನನಗೆ ಅದು ಚೆಂದ ಕಂಡಿತ್ತು, ಹಳತು ಹೊಸತು ಎದುರುಬದುರು.

ನಾನು ಎರಡನೇ ಮಹಾಯುದ್ಧ ಕಲಿಸಿದ್ದೇನೆ. ಕಾರಣಗಳು, ಪರಿಣಾಮಗಳು, ಹತ್ತು ಅಂಕ. ಈ ಬೀದಿಯ ಹೆಸರು ಯಾವ ಪಠ್ಯದಲ್ಲೂ ಇರಲಿಲ್ಲ. ಇನ್ನು ಚೆರಿ ಬೀದಿಯನ್ನು ಯಾರು ಹಾಕುತ್ತಾರೆ?

ಮಾರ್ಚ್ 4, ಶುಕ್ರವಾರ

ದರೀನಾ ಬರ್ಲಿನ್ನಿಗೆ ಹೋದಳು. ಪೋಲಂಡ್ ದಾಟಿದವರೆಲ್ಲ ಅಲ್ಲಿ ಇಳಿಯುತ್ತಾರಂತೆ. ರಟ್ಟಿನ ಮೇಲೆ ತಾಯಿಯ ಹೆಸರು ಬರೆದುಕೊಂಡಿದ್ದಾಳೆ. ಕೆಳಗೆ ಸ್ಮೃತಿ ಬಿಡಿಸಿದ ಚೆರಿ ಹಣ್ಣು, ಎರಡು.

ಈಶಾನ್ ಸ್ಟೇಷನ್ನಿಗೆ ಬಿಟ್ಟು ಬಂದ. ಬಾಗಿಲಾಚೆ ಬಹಳ ಹೊತ್ತು ನಿಂತಿದ್ದ.

"ಏನಪ್ಪಾ?"

"ಏನಿಲ್ಲ ಬೇ. ಆಕಿ ಅಲ್ಲಿ ಹೋಗಿ ಎಷ್ಟು ದಿವಸ ನಿಲ್ಲತಾಳ, ಅದs ಚಿಂತಿ."

"ನಿಲ್ಲಲಿ ಬಿಡು. ಇಲ್ಲಿ ಕೂತು ಆ ವಿಡಿಯೋ ನೋಡೂದಕ್ಕಿಂತ ಅಲ್ಲಿ ನಿಂತು ಮಂದಿ ಮಾರಿ ನೋಡೂದು ಮೇಲು."

ಮಾರ್ಚ್ 7, ಸೋಮವಾರ

ಕೋಣೆಯಿಂದ ಹೊರಗೆ. ಕಾಲು ಸೋತಿವೆ. ಸ್ಮೃತಿಗೆ ತಾಲಿಪಟ್ಟು ಬಡಿದೆ.

ಮಧ್ಯಾಹ್ನ ಹನ್ನೆರಡಕ್ಕೆ ಸೈರನ್. ಪ್ರತಿ ತಿಂಗಳ ಮೊದಲ ಸೋಮವಾರ ಪರೀಕ್ಷೆಗೆಂದು ಊದುತ್ತಾರೆ. ಗೊತ್ತಿದ್ದೂ ಕೈಯಲ್ಲಿದ್ದ ಹಿಟ್ಟು ಕೆಳಗೆ ಬಿತ್ತು. ಎಪ್ಪತ್ತೊಂದರಲ್ಲಿ ಬೆಳಗಾವಿಯ ಹಾಸ್ಟೆಲ್ಲಿನಲ್ಲಿ ಕಿಟಕಿಗೆ ಕಂಬಳಿ ಕಟ್ಟಿ ಕತ್ತಲಲ್ಲಿ ಕೂರುತ್ತಿದ್ದೆವು. ಸೈರನ್ ಕೇಳಿ ನಾವು ಹುಡುಗಿಯರು ಕಿಸಕ್ಕೆಂದು ನಗುತ್ತಿದ್ದೆವು. ನಮ್ಮ ಮೇಲೆ ಏನೂ ಬೀಳಲಿಲ್ಲ, ಅದಕ್ಕೇ ನಗು. ಅದೇ ಯುದ್ಧದಲ್ಲಿ ಬೇರೆ ಯಾರ ಮೇಲೋ ಬಿತ್ತು.

ದರೀನಾಳಿಂದ ದಿನಕ್ಕೆ ಎರಡು ಕರೆ. ಇಲ್ಲ. ಇಲ್ಲ. ಜನ ರೈಲಿನಿಂದ ಸುರಿಯುತ್ತಿದ್ದಾರಂತೆ — ಬೆಕ್ಕು, ಮಕ್ಕಳು, ಚೀಲ. ಯಾರದೋ ಸೂಪು ಕುಡಿದು ಯಾರದೋ ಸೋಫಾ ಮೇಲೆ ಮಲಗುತ್ತಿದ್ದಾಳೆ.

ಮಾರ್ಚ್ 8, ಮಂಗಳವಾರ

ಇದ್ದಾಳೆ.

ಇದ್ದಾಳೆ. ದರೀನಾ ಫೋನು ಮಾಡಿದಳು. ಆಮೇಲೆ ಬರೆಯುತ್ತೇನೆ.

ಅದೇ ದಿನ, ಸಂಜೆ

ಪೋಲಂಡಿನ ಒಂದು ಹಳ್ಳಿ, ಶಾಲೆಯ ಆಟದ ಹಾಲ್. ಗಡಿ ದಾಟಿದ ಮೇಲೆ ಜ್ವರ. ಪರೀಕ್ಷೆ ಮಾಡಿದರೆ ಕರೋನಾ. ಒಂದು ಮೂಲೆಯಲ್ಲಿ ಪರದೆ ಕಟ್ಟಿ ಮಲಗಿಸಿದ್ದಾರೆ. ಫೋನು ಲ್ವಿವ್ ರೈಲಿನ ನೂಕುನುಗ್ಗಲಿನಲ್ಲಿ ಹೋಯಿತು. ನಂಬರ್ ಒಂದೂ ಬಾಯಿಗೆ ಬಾರದು. ಗಣಿತದ ಟೀಚರು. ಅಲ್ಲಿನ ಸ್ವಯಂಸೇವಕಿಯೊಬ್ಬಳು ಫೇಸ್‌ಬುಕ್ಕಿನಲ್ಲಿ ದರೀನಾಳನ್ನು ಹುಡುಕಿ ಐದನೇ ತಾರೀಖಿಗೇ ಬರೆದಿದ್ದಾಳೆ. ಅಪರಿಚಿತರ ಸಂದೇಶವೆಂದು ಅದನ್ನು ಆ ಕಂಪನಿಯವರು ಯಾವುದೋ ಒಳಪೆಟ್ಟಿಗೆಯಲ್ಲಿ ಹಾಕಿಟ್ಟಿದ್ದಾರೆ. ಚಪ್ಪಲಿ ಜಾಹೀರಾತನ್ನು ದಿನಕ್ಕೆ ಹತ್ತು ಸಲ ಕಣ್ಣಿಗೆ ಹಿಡಿಯುತ್ತಾರೆ, ತಾಯಿ ಬದುಕಿದ್ದಾಳೆ ಎಂಬ ಸುದ್ದಿಯನ್ನು ಮೂರು ದಿನ ಮುಚ್ಚಿಡುತ್ತಾರೆ.

ಈಶಾನ್ ಅಡುಗೆಮನೆಯಲ್ಲಿ ನಿಂತು ಅಳುತ್ತಿದ್ದ. ಅತ್ತೆಗಾಗಿ ಅಳುವ ಅಳಿಯ. ಎಷ್ಟು ಜನಕ್ಕಿದೆ ಆ ಪುಣ್ಯ. ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಮಾರ್ಚ್ 11, ಶುಕ್ರವಾರ

ಬಂದರು. ದರೀನಾ ಹಳ್ಳಿಗೇ ಹೋಗಿ ಕರೆತಂದಳು.

ಲ್ಯುದ್ಮಿಲಾ ಅರ್ಧದಷ್ಟಾಗಿದ್ದಾಳೆ. ಯಾರದೋ ಗಂಡಸರ ಜಾಕೆಟ್ಟು, ಕೈಚೀಲ, ಮನೆಯ ಕೀಲಿಗೊಂಚಲು. ಅಷ್ಟೇ. ನಾನು ಆರತಿ ಹಿಡಿದು ನಿಂತಿದ್ದೆ. ತಟ್ಟೆ ಸ್ಮೃತಿಯ ಕೈಗೆ ಕೊಟ್ಟು ತಬ್ಬಿಕೊಂಡೆ. ಕಿವಿಯಲ್ಲಿ ಏನೋ ಅಂದಳು.

"ಏನಂದರು?"

ದರೀನಾ, "ನೀವು ದಪ್ಪ ಆಗೀರಿ ಅಂತ."

ಮಾರ್ಚ್ 12, ಶನಿವಾರ

ಬೆಳಿಗ್ಗೆ ನಾನು ಒಗ್ಗರಣೆ ಹಾಕಿದರೆ ಲ್ಯುದ್ಮಿಲಾ ಕೆಮ್ಮಿ ಕಿಟಕಿ ತೆರೆದಳು. ನಾನು ಮುಚ್ಚಿದೆ. ಮತ್ತೆ ತೆರೆದಳು. ಈಶಾನ್ ಲ್ಯಾಪ್‌ಟಾಪ್ ಎತ್ತಿಕೊಂಡು ಮೇಲೆ ಹೋದ. "ಎರಡು ಸರಕಾರ ಒಂದs ಅಡಗಿಮನಿ. ನಾ ನ್ಯೂಟ್ರಲ್."

ಮಧ್ಯಾಹ್ನ ಚಹಾದ ಹೊತ್ತಿಗೆ ಲ್ಯುದ್ಮಿಲಾ ಶಿವರಾತ್ರಿ ದಿನದ ಸಂಗತಿ ಹೇಳಿದಳು. ದರೀನಾ ವಾಕ್ಯ ವಾಕ್ಯ ಕನ್ನಡಕ್ಕೆ ತಂದಳು.

ಆವತ್ತು ಆಕೆ ಸ್ಟೇಷನ್ನಿಗೆ ಬಂದದ್ದು ಹೊರಡಲು ಅಲ್ಲವೇ ಅಲ್ಲ. ಪಕ್ಕದ ಮನೆಯ ಹಾನ್ನಾಳ ಮಗಳು ಕೂಸು ಕಟ್ಟಿಕೊಂಡು ಹೊರಟಿದ್ದಳು. ಆ ನೂಕಿನಲ್ಲಿ ರೈಲು ಹತ್ತಿಸಲು ಒಬ್ಬರು ಬೇಕಿತ್ತು. ಹತ್ತಿಸಿ ಮನೆಗೆ ಮರಳುವುದು ಎಂದೇ ಲೆಕ್ಕ. ಹಾನ್ನಾ ಮನೆಯಲ್ಲಿ ಸೂಪು ಇಟ್ಟು ಕಾಯುತ್ತಿದ್ದಳು. ಮಗಳಿಗೆ ಫೋನು ಸಿಗದೆ ನನಗೆ ಮಾಡಿದಳು — ಆರಾಮ ಇದ್ದೇನೆ ಎನ್ನಲು. ಕಡೆಗೆ ಎಂದಿನಂತೆ 'ಬರ್ತೀನ್ರಿ' ಅಂದಳು. ಬೈ ಎಂದೇ ಅಂದಳು.

"ಆಗ ನೀವು ಅಂದ್ರಿ," ದರೀನಾ ನನ್ನನ್ನೇ ನೋಡುತ್ತ ಅನುವಾದಿಸಿದಳು, "ಬರ್ರಿ, ಬರ್ರಿ."

ಎರಡು ರವಿವಾರದಿಂದ ಆ ಪದವನ್ನು ಆಕೆ ಬೇರೆ ಅರ್ಥದಲ್ಲಿ ಕೇಳಿದ್ದಳು. ಕೈಯಾಡಿಸಿ ಕಲಿಸಿದವಳು ನಾನೇ. ಬರ್ರಿ ಎಂದರೆ ಕಮ್. ಸ್ವಾಖಾ ಕರೆಯುತ್ತಿದ್ದಾಳೆ, ಅದೂ ಎರಡು ಸಲ, ಏನೋ ಗೊತ್ತಿರಬೇಕು ಅವಳಿಗೆ ಅನ್ನಿಸಿತಂತೆ. ಕೂಸನ್ನು ಒಳಗೆ ದಾಟಿಸಿದವಳು ಇಳಿಯಲಿಲ್ಲ. ಬಾಗಿಲು ಮುಚ್ಚಿತು.

"ಜೀವನದಾಗ ಮೊದಲ ಸಲ ನಿಮ್ಮ ಮಾತು ಕೇಳೀನಿ ಅಂತಾಳ" — ದರೀನಾ.

ನಗಬೇಕಿತ್ತು. ಲ್ಯುದ್ಮಿಲಾ ನಕ್ಕಳು. ಈಶಾನ್ ಸಿಂಕಿನ ಹತ್ತಿರ ಬೆನ್ನು ಹಾಕಿ ನಿಂತಿದ್ದ, ಲೋಟ ತೊಳೆಯುವುದನ್ನು ನಿಲ್ಲಿಸಿದ್ದ. ಅವನಿಗೆ ಗೊತ್ತು. 'ಹೂಂ, ಬರ್ರಿ' ಎಂಬುದು ಕರೆ ಅಲ್ಲ, ಉಸಿರಿನಂಥದ್ದು, ಹಾಲಿನವನಿಗೂ ಅನ್ನುತ್ತೇವೆ. ನಾನೇನೂ ಕರೆದಿರಲಿಲ್ಲ. ಹೇಳೋಣವೆಂದು ಬಾಯಿ ತೆರೆದೆ.

"ಹಾನ್ನಾ?" ಎಂದು ಕೇಳಿದೆ, ಬದಲಿಗೆ.

ಲ್ಯುದ್ಮಿಲಾ ತಲೆಯಾಡಿಸಿದಳು. ಹೌದೂ ಅಲ್ಲ, ಇಲ್ಲವೂ ಅಲ್ಲ. ಗೊತ್ತಿಲ್ಲ.

ಮಾರ್ಚ್ 15, ಮಂಗಳವಾರ

ನಾಡಿದ್ದು ನನ್ನ ವಿಮಾನ. ವೀಸಾದ ತೊಂಬತ್ತು ದಿನ ಮುಗಿಯಿತು. ಲ್ಯುದ್ಮಿಲಾ ಬೇಕಾದಷ್ಟು ದಿನ ಇರಬಹುದಂತೆ, ಗಮೇಂಟೆಯವರು — ಇಲ್ಲಿನ ಪುರಸಭೆ — ಒಳ್ಳೆಯ ಮಾತಾಡಿ ಕಳಿಸಿದ್ದಾರೆ. ಒಳ್ಳೆಯದೇ. ಆದರೂ ಬೇರೆ ಯುದ್ಧಗಳಿಂದ ಬಂದವರು ಇದೇ ದೇಶದ ಶಿಬಿರಗಳಲ್ಲಿ ವರ್ಷಗಟ್ಟಲೆ ಕೂತದ್ದನ್ನೂ ಓದಿದ್ದೇನೆ. ಅದನ್ನೂ ಮರೆಯುವುದಿಲ್ಲ. ಅಟ್ಟದ ಕೋಣೆ ಆಕೆಗೆ. ಹಾಸಿಗೆಯ ಹೊದಿಕೆ ಬದಲಿಸಿದೆ.

ಮಧ್ಯಾಹ್ನ ಹೂಕ್‌ಸ್ಟ್ರಾ ಬಟಾಣಿ ಸೂಪು ತಂದಳು. ನನಗಾಗಿ ಸಾಸೇಜ್ ಹಾಕದೆ. ನಾವೆಲ್ಲ ಮೇಜಿನ ಸುತ್ತ. ಅವಳು ಲ್ಯುದ್ಮಿಲಾಳಿಗೆ ಕೇಳಿದಳು — ನಿನ್ನ ಬೀದಿ ಹೇಗಿತ್ತು? ಬರೀ ಮನೆ ಕೇಳುತ್ತಿಲ್ಲ, ಬೀದಿ.

ಲ್ಯುದ್ಮಿಲಾ ಚಮಚ ಕೆಳಗಿಟ್ಟಳು. ಆಮೇಲೆ ಪಂಪಿನಿಂದ ಶುರುಮಾಡಿದಳು. ನಾನು ಈ ವಹಿ ತಂದು ಕೂತೆ. ಆಕೆ ಹೇಳುತ್ತಾಳೆ, ದರೀನಾ ಕನ್ನಡದಲ್ಲಿ ನನಗೆ, ಅದನ್ನು ಕೇಳಿ ಸ್ಮೃತಿ ಡಚ್ಚಿನಲ್ಲಿ ಹೂಕ್‌ಸ್ಟ್ರಾಗೆ. ಇಲ್ಲೇ ಬರೆಯುತ್ತಿದ್ದೇನೆ, ಸೂಪಿನ ಕಲೆಯ ಸಮೇತ. ಮನೆ ನಂಬರಿನ ಪ್ರಕಾರ; ಆಕೆಯ ಸಾಲಿಗೆ ಬರೀ ಬೆಸ ನಂಬರು.

ಒಂದು — ಪೆಟ್ರೋ. ಟ್ರಂಪೆಟ್ ಊದುವವ. ಕೆಟ್ಟದಾಗಿ. ಮದುವೆಗೆ ಕರೆದರೆ ಊದಬೇಡ ಎಂದು ಮೊದಲೇ ಹೇಳಿ ಕರೆಯಬೇಕು.

ಮೂರು — ಅಕ್ಕತಂಗಿಯರು, ಒಂದೇ ಅಡುಗೆಮನೆ, ಎರಡು ಒಲೆ. ಹತ್ತು ವರ್ಷದ ಮುನಿಸು.

"ಕಾರಣ?" ಕೇಳಿದೆ.

"ಒಂದು ಹಂಚು." ಲ್ಯುದ್ಮಿಲಾ ರೊಟ್ಟಿಯ ಹಂಚಿನಷ್ಟಗಲ ಕೈ ತೋರಿಸಿದಳು.

ಐದು, ಹಸಿರು ಗೇಟು. ಡಾಕ್ಟರ ಮನೆ. ಪಶುಡಾಕ್ಟರು, ಆದರೆ ಎಲ್ಲರಿಗೂ ಅವನೇ. ಲ್ಯುದ್ಮಿಲಾಳ ಬೆನ್ನಿಗೆ ಒಮ್ಮೆ ಕುದುರೆಯ ಮುಲಾಮು ಹಚ್ಚಿದವನು. ಹೋಯಿತಂತೆ ನೋವು.

ಏಳು — ಹೊಸ ದಂಪತಿ. ಹೆಂಡತಿ ಬಸುರಿ. ಬೀದಿಗೆಲ್ಲ ಗೊತ್ತು, ಅತ್ತೆಗೆ ಇನ್ನೂ ಹೇಳಿಲ್ಲ.

ಹೂಕ್‌ಸ್ಟ್ರಾ ನಗುತ್ತಿದ್ದಾಳೆ, ಕೈ ಕೆನ್ನೆಯ ಮೇಲೆ. ಆಕೆಯ ಕಣ್ಣು ಬೇರೆಲ್ಲೋ, ನಮ್ಮ ಬಲಗಡೆಯ ಸಾಲಿನಲ್ಲಿ.

ಇಲ್ಲಿ ಸ್ಮೃತಿ ತಡವರಿಸಿದಳು. ಡಚ್ಚಿನಲ್ಲಿ ವಾಕ್ಯ ಕಟ್ಟಲು ಹೋಗಿ ನಿಂತಳು. ನನಗೆ ಆಗ ಗಮನಕ್ಕೆ ಬಂತು. ಲ್ಯುದ್ಮಿಲಾಳ ಭಾಷೆಯಲ್ಲಿ 'ಇದ್ದಾನೆ', 'ಇದ್ದನು' ಹೇಳದೆಯೂ ವಾಕ್ಯವಾಗುತ್ತದೆ. ಪೆಟ್ರೋ, ಟ್ರಂಪೆಟ್ ಊದುವವ. ಮುಗಿಯಿತು. ಕನ್ನಡದಲ್ಲೂ ಹಾಗೇ, ದರೀನಾ ಹೇಳಿದ್ದನ್ನು ನಾನು ಹಾಗೇ ಬರೆದೆ. ಯಾವ ಕಾಲ ಎಂದು ನಾವು ಮೂವರೂ ಆರಿಸಬೇಕಾಗಿ ಬರಲಿಲ್ಲ. ಡಚ್ಚಿನಲ್ಲಿ ಆರಿಸಬೇಕು.

"ಆಯಿ," ಸ್ಮೃತಿ ನನ್ನ ತೋಳು ಜಗ್ಗಿದಳು. "ಅದಾರ ಅನ್ಲೋ, ಇದ್ರು ಅನ್ಲೋ?"

ದರೀನಾ ಇದನ್ನು ಅನುವಾದಿಸಲಿಲ್ಲ. ಲ್ಯುದ್ಮಿಲಾ ಮಗಳ ಮುಖ ನೋಡಿದಳು, ನನ್ನ ಮುಖ ನೋಡಿದಳು. ಪೆನ್ನಿನ ಕಡೆ ಬೆರಳು ತೋರಿಸಿದಳು. ಬರೀರಿ.

ಒಂಬತ್ತು — ಖಾಲಿ ನಿವೇಶನ. ಹುಡುಗರ ಫುಟ್‌ಬಾಲು, ಎಲ್ಲರ ಕಿಟಕಿಗಾಜು.

ಹನ್ನೊಂದು — ಆಕೆಯ ಮನೆ. ಇದರ ಬಗ್ಗೆ ಏನೂ ಹೇಳಲಿಲ್ಲ. ಟೊಮೆಟೊ ಎಂದು ಮಾತ್ರ ಬರೆಸಿದಳು.

ಹದಿಮೂರು — ಹಾನ್ನಾ. ಸೂಪು ಇಟ್ಟು ಕಾಯುವವಳು.